ರಂಜಕ ಮತ್ತು ಕೊಳೆತ ದ್ರಾಕ್ಷಿಯ ವೈನು

ನಾನು ಆಸ್ಟ್ರೇಲಿಯಾಕ್ಕೆ ಹೋದದ್ದು ಅಡುಗೆ ಮಾಡುವುದಕ್ಕೆ. ವಾಪಸು ಬಂದು ವರ್ಷದ ಮೇಲಾಯಿತು. ಬಸ್ಸಿನಲ್ಲಿ, ಸಂತೆಯಲ್ಲಿ ಸಿಕ್ಕವರು ಕೇಳುತ್ತಾರೆ, ಕಾಂಗರೂ ನೋಡಿದಿರಾ, ಸಮುದ್ರ ನೋಡಿದಿರಾ ಎಂದು. ನೋಡಿದೆ ಎಂದು ಹೇಳಿ ಮುಂದೆ ಹೋಗುತ್ತೇನೆ. ಉಳಿದದ್ದನ್ನು ನಿಂತ ಕಾಲಲ್ಲಿ ಹೇಳಲು ಬರುವುದಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಹನುಮನಹಳ್ಳಿಯಲ್ಲಿ, ಅಂಜನಾದ್ರಿಗೆ ಹೋಗುವ ದಾರಿಯ ಬದಿಗೆ, ನಮ್ಮದೊಂದು ಖಾನಾವಳಿ ಇದೆ. ನಡೆಸುವವರು ನಾನು, ನನ್ನ ಗಂಡ. ಚಳಿಗಾಲದಲ್ಲಿ ಜನ ಹೆಚ್ಚಾದಾಗ ನಾಲ್ಕು ತಿಂಗಳು ನನ್ನ ತಂಗಿ ರೇಣವ್ವ ಬಂದಿರುತ್ತಿದ್ದಳು. ಅವಳನ್ನು ತಾವರಗೇರಾಕ್ಕೆ ಕೊಟ್ಟಿದೆ. ಗಂಡ ಅಲ್ಲಿ ಶಾಲೆಯಲ್ಲಿ ಜವಾನ. ರೊಟ್ಟಿ ಬಡಿಯುವುದು ಅವಳ ಕೆಲಸ, ಪಲ್ಯ ಚಟ್ನಿ ನನ್ನವು.

ಕೊರೊನಾ ಬರುವ ಮುಂಚಿನ ಚಳಿಗಾಲದಲ್ಲಿ ಹೆಲೆನ್ ಎಂಬ ಆಸ್ಟ್ರೇಲಿಯಾದ ಹೆಂಗಸು ಒಂದು ತಿಂಗಳು ನಮ್ಮಲ್ಲೇ ಉಂಡರು. ಅರವತ್ತು ದಾಟಿದವರು, ಗಂಡ ತೀರಿಕೊಂಡಿದ್ದರು, ದ್ರಾಕ್ಷಿ ಬೆಳೆದು ವೈನು ಮಾಡುವವರು. ನನ್ನ ರಂಜಕ ಎಂದರೆ ಅವರಿಗೆ ಹುಚ್ಚು. ಹಣ್ಣಾದ ಕೆಂಪು ಮೆಣಸಿನಕಾಯಿಗೆ ಬೆಳ್ಳುಳ್ಳಿ, ಉಪ್ಪು, ಲಿಂಬೆರಸ ಹಾಕಿ ಅರೆದದ್ದು ಅದು. ರೊಟ್ಟಿಗೆ ಬೆಣ್ಣೆ ಸವರಿ, ಮೇಲೆ ರಂಜಕ ಹಚ್ಚಿಕೊಂಡು ತಿಂದು, ಕಣ್ಣೊರೆಸಿಕೊಳ್ಳುತ್ತ, ಇದರ ಪಕ್ಕದಲ್ಲಿ ನನ್ನ ಸಿಹಿ ವೈನು ಇರಬೇಕಿತ್ತು ಶಾಂತಾ ಎನ್ನುತ್ತಿದ್ದರು. ಎಷ್ಟೋ ವರ್ಷದ ಮೇಲೆ ಅವರೇ ಫೋನು ಮಾಡಿ, ತಂಗಿಯನ್ನು ಕರೆದುಕೊಂಡು ಬಾ, ಆ ವೈನಿಗೆ ತಕ್ಕ ಊಟವೊಂದನ್ನು ನನ್ನ ತೋಟದಲ್ಲಿ ಮಾಡಿಕೊಡು ಎಂದು ಕರೆದರು. ಟಿಕೆಟ್ಟು, ವೀಸಾ, ವಿಮೆ ಎಲ್ಲ ಅವರೇ ನೋಡಿಕೊಂಡರು.

ನಡುವೆ ಒಂದು ಸಂಗತಿ ನಡೆದಿತ್ತು. ಕೊರೊನಾ ಜ್ವರ ಬಂದು ಹೋದ ಮೇಲೆ ನನ್ನ ಮೂಗು ಸತ್ತಿತ್ತು. ಮಲ್ಲಿಗೆಯೂ ಇಲ್ಲ, ಹೊಗೆಯೂ ಇಲ್ಲ, ಸೀದ ಹಾಲೂ ಇಲ್ಲ. ಗಂಗಾವತಿಯ ಡಾಕ್ಟರು ತಾನಾಗಿ ಬರುತ್ತದೆ ಎಂದರು. ಮೂರು ವರ್ಷವಾದರೂ ಬರಲಿಲ್ಲ. ನಾಲಿಗೆಗೆ ಉಪ್ಪು, ಹುಳಿ, ಸಿಹಿ, ಕಹಿ ತಿಳಿಯುತ್ತಿತ್ತು, ಖಾರದ ಉರಿ ತಿಳಿಯುತ್ತಿತ್ತು. ಅಷ್ಟರಲ್ಲೇ, ಕೈಯ ಅಂದಾಜಿನ ಮೇಲೆ ಖಾನಾವಳಿ ನಡೆಸಿದೆ. ಗಂಡನಿಗೂ ಹೇಳಲಿಲ್ಲ, ತಂಗಿಗೂ ಹೇಳಲಿಲ್ಲ. ಮೂಗಿಲ್ಲದವಳ ಕೈಯ ಊಟವನ್ನು ಯಾರು ಹುಡುಕಿಕೊಂಡು ಬಂದಾರು ಎಂಬ ಹೆದರಿಕೆ. ಹೆಲೆನ್ ಕರೆದಾಗ ಇನ್ನೊಂದು ಆಸೆಯೂ ಸೇರಿತು. ಹೊಸಪೇಟೆಯ ಆಚೆ ಹೆಚ್ಚು ಕಂಡವಳಲ್ಲ ನಾನು. ಹೋಗಬೇಕು ಅನ್ನಿಸಿತು, ಹೋದೆ.

ಸಿಡ್ನಿ ವಿಮಾನ ನಿಲ್ದಾಣ

ಆ ದೇಶದವರಿಗೆ ಬೀಜ, ಮಣ್ಣು, ಕಾಯಿಪಲ್ಯ ಎಂದರೆ ಹೊರಗಿನ ರೋಗ ತರುವ ದಾರಿ. ತಿನ್ನುವ ಸಾಮಾನು ಇದ್ದವರನ್ನೆಲ್ಲ ಬೇರೆ ಸಾಲಿನಲ್ಲಿ ನಿಲ್ಲಿಸಿದರು. ನಮ್ಮ ಗಂಟು ಬಿಚ್ಚಿದಾಗ ಒಂದು ಮೇಜು ಪೂರ್ತಿ ತುಂಬಿತು. ಹುರಿಯದ ಗುರೆಳ್ಳು ಕಸದ ಬುಟ್ಟಿಗೆ ಹೋಯಿತು, ಬೆಣ್ಣೆ ಹೋಯಿತು. ಶೇಂಗಾ ಚಟ್ನಿಪುಡಿಯನ್ನು ಅಧಿಕಾರಿ ತಿರುಗಿಸಿ ಮುರುಗಿಸಿ ನೋಡಿ ವಾಪಸು ಕೊಟ್ಟ. ಬಿಟ್ಟುಕೊಟ್ಟದ್ದಕ್ಕೆ ನಾವು ಕೈಮುಗಿದೆವು, ಅವನೂ ಕೈಮುಗಿದ.

ಕೊನೆಗೆ ರಂಜಕದ ಭರಣಿ. ಮುಚ್ಚಳ ತೆಗೆದವನೇ ಮುಖ ಹಿಂದಕ್ಕೆಳೆದುಕೊಂಡ. ಇದು ಕೆಟ್ಟಿದೆಯಲ್ಲವೇ ಎಂದು ನನ್ನ ಮೂಗಿನ ಹತ್ತಿರ ಹಿಡಿದ. ನಾನು ದೊಡ್ಡದಾಗಿ ಉಸಿರೆಳೆದು, ಇಲ್ಲ, ಇದರ ವಾಸನೆಯೇ ಹೀಗೆ, ಅರೆದ ಮೇಲೆ ಒಂದು ವಾರಕ್ಕೆ ಇನ್ನೂ ರುಚಿ ಬರುತ್ತದೆ ಎಂದು ಇಂಗ್ಲಿಷಿನಲ್ಲಿ ವಿವರಿಸಿದೆ. ರೇಣವ್ವ ಹಿಂದಿನಿಂದ ನನ್ನ ಸೆರಗು ಜಗ್ಗಿದಳು.

“ಯಕ್ಕಾ, ಕೆಟ್ಟೈತಿ. ಬಿಟ್ಟು ಬಾ.”

ಭರಣಿಯನ್ನು ಅಲ್ಲೇ ಬಿಟ್ಟೆ. ವಿಮಾನದಲ್ಲಿ ತಲೆ ಭಾರವಾಗಿತ್ತು, ಅದಕ್ಕೆ ತಿಳಿಯಲಿಲ್ಲ ಎಂದೆ. ಅವಳು ನಂಬಿದಳು. ಅಡುಗೆಯ ವಿಷಯದಲ್ಲಿ ನಾನು ಹೇಳಿದ್ದನ್ನು ಅವಳು ನಂಬದೆ ಇದ್ದದ್ದೇ ಇಲ್ಲ.

ಕಾಲುವೆಯ ಸೀಮೆ

ಹೆಲೆನ್ ತೋಟ ಒಳನಾಡಿನ ರಿವರಿನಾ ಎಂಬ ಸೀಮೆಯಲ್ಲಿ. ಅವರ ಕಾರಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ದಾರಿ. ಗುಡ್ಡಗಳು ಮುಗಿದ ಮೇಲೆ ನೆಲ ಅಂಗೈಯಂತೆ ಚಪ್ಪಟೆಯಾಯಿತು, ಆಮೇಲೆ ಕಾಲುವೆ ಬಂತು. ನೇರವಾದ ಕಾಲುವೆ, ಅದರ ತೂಬುಗಳು, ಎರಡೂ ಕಡೆ ಕೊಯ್ದ ಭತ್ತದ ಗದ್ದೆಗಳು. ನಿದ್ದೆಯಿಂದೆದ್ದ ರೇಣವ್ವ, ಹೊಳ್ಳಿ ಗಂಗಾವತಿಗೆ ಬಂದೇವೇನು ಎಂದಳು.

ಅಲ್ಲಿಯ ಕಥೆಯೂ ನಮ್ಮದರ ಹಾಗೆಯೇ. ಕಾಲುವೆ ತೋಡಿದ ಮೇಲೆ ಇಟಲಿಯಿಂದ ಜನ ಬಂದು ನೀರಿನ ಪಕ್ಕದಲ್ಲಿ ನೆಲೆಯಾದರಂತೆ. ನಮ್ಮಲ್ಲಿ ತೆಲುಗಿನವರು ಬಂದು ಕ್ಯಾಂಪುಗಳಲ್ಲಿ ನೆಲೆಯಾದರಲ್ಲ, ಹಾಗೆ. ಅವರ ಮೊಮ್ಮಕ್ಕಳು ಈಗ ದ್ರಾಕ್ಷಿ ತೋಟದವರು. ಹೆಲೆನ್ ಗಂಡನೂ ಅಂಥದೇ ಮನೆತನದವರು.

ಆದರೆ ತೋಟಗಳು ಸಾಯುತ್ತಿದ್ದವು. ಊರು ಹತ್ತಿರ ಬಂದಂತೆ ರಸ್ತೆಯ ಬದಿಗೆ ಕಿತ್ತ ಬಳ್ಳಿಗಳ ರಾಶಿ ಕಾಣತೊಡಗಿತು. ತೊಡೆಯಷ್ಟು ದಪ್ಪದ ಬುಡಗಳು ಬೇರು ಮೇಲಾಗಿ ಬಿದ್ದಿದ್ದವು. ದ್ರಾಕ್ಷಿ ಕೊಳ್ಳುವವರಿಲ್ಲ, ವೈನು ತೊಟ್ಟಿಗಳಲ್ಲೇ ಉಳಿದಿದೆ ಎಂದು ಹೆಲೆನ್ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು. ಅವರ ತೋಟದಲ್ಲಿ ಉಳಿದದ್ದು ಹಳೆಯ ಬಳ್ಳಿಗಳಿರುವ ಒಂದೇ ತುಂಡು ನೆಲ. ಬರುವ ಭಾನುವಾರ ಶಹರದಿಂದ ಒಬ್ಬ ವ್ಯಾಪಾರಿ ಬರುವವನಿದ್ದ. ಸಿಹಿ ವೈನನ್ನು ಈಗ ಯಾರೂ ಕುಡಿಯುವುದಿಲ್ಲ, ಊಟದ ಕೊನೆಗೆ ಒಂದು ಗುಟುಕು, ಅಷ್ಟೇ, ಎಂಬುದು ಅವನ ತಕರಾರು. ಖಾರದ ಊಟದ ಜೊತೆ ಅದು ನಿಲ್ಲುತ್ತದೆ ಎಂದು ತೋರಿಸಿದರೆ ಅವನು ಒಪ್ಪಬಹುದು. ಒಪ್ಪದಿದ್ದರೆ ಬುಧವಾರಕ್ಕೆ ಬಳ್ಳಿ ಕೀಳುವ ಯಂತ್ರ ಹೇಳಿ ಆಗಿತ್ತು.

ಇಷ್ಟು ದೊಡ್ಡ ಹೊಣೆ ನನ್ನ ತಲೆಯ ಮೇಲೆ ಇದೆ ಎಂದು ನನಗೆ ತಿಳಿದದ್ದು ಆ ಕಾರಿನಲ್ಲಿ. ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ನಾನು ಕಿಟಕಿಯ ಆಚೆ ನೋಡುತ್ತ ಕೂತೆ.

ಹೆಲೆನ್ ತೋಟ

ಮರುದಿನ ತೋಟಕ್ಕೆ ಹೋದಾಗ ರೇಣವ್ವ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಗೊಂಚಲು ಗೊಂಚಲೇ ಕೊಳೆತು, ಮೇಲೆ ಬೂದಿ ಬಣ್ಣದ ಬೂಷ್ಟು ಹಿಡಿದಿತ್ತು. ಕುಷ್ಟಗಿಯ ಕಡೆ ದ್ರಾಕ್ಷಿ ಬೆಳೆದವರು ಇಂಥ ಒಂದು ಗೊಂಚಲು ಕಂಡರೆ ಅಂದು ಊಟ ಮಾಡುವುದಿಲ್ಲ. ಇಲ್ಲಿ ಇದಕ್ಕಾಗಿ ಚಳಿಯವರೆಗೆ ಕಾಯುತ್ತಾರೆ. ಬೂಷ್ಟು ಹಣ್ಣಿನ ನೀರನ್ನೆಲ್ಲ ಹೀರುತ್ತದೆ, ಸಕ್ಕರೆ ಉಳಿಯುತ್ತದೆ, ಅದನ್ನು ಹಿಂಡಿದರೆ ಬಂಗಾರದ ಬಣ್ಣದ ಗಟ್ಟಿ ರಸ ಬರುತ್ತದೆ ಎಂದರು ಹೆಲೆನ್.

ನಾವು ಕುಡಿಯುವ ಮನೆಯವರಲ್ಲ. ಹನುಮಪ್ಪನ ಬೆಟ್ಟದ ಕೆಳಗೆ ಅನ್ನ ಬೇಯಿಸುವವರು. ಹೊರಡುವಾಗ ನನ್ನ ಗಂಡ, ಏನಾರ ಮಾಡು, ಊರಾಗ ಮಾತ್ರ ಹೇಳಬ್ಯಾಡ ಎಂದಿದ್ದರು. ಬಾಯಲ್ಲಿ ಹಾಕಿ ಉಗುಳಬಹುದು ಎಂದು ಹೆಲೆನ್ ಕಲಿಸಿದರು. ಒಂದು ಗುಟುಕು ಬಾಯಲ್ಲಿ ತಿರುಗಿಸಿ ಬಕೆಟ್ಟಿಗೆ ಉಗುಳುವುದು ಅಲ್ಲಿ ಮರ್ಯಾದೆಯ ಕೆಲಸ. ರೇಣವ್ವ ಬಾಯಿಗೆ ಮುಟ್ಟಿಸಲಿಲ್ಲ, ಮೂಸಿ ಮಾತ್ರ ನೋಡಿದಳು.

ಆ ಮೂಸುವುದೇ ನನಗೆ ದಾರಿಯಾಯಿತು. ಹೆಲೆನ್ ಗ್ಲಾಸನ್ನು ಮೂಗಿಗೆ ಹಿಡಿದು, ಏನನ್ನಿಸುತ್ತದೆ ಶಾಂತಾ ಎಂದು ಕೇಳಿದಾಗಲೆಲ್ಲ ನಾನು ತಂಗಿಯ ಕಡೆ ತಿರುಗಿ, ನಿನಗೇನು ಬರಾಕತ್ತೈತಿ ಹೇಳು ಎನ್ನುತ್ತಿದ್ದೆ. ಅವಳಿಗೆ ಅದೊಂದು ಆಟ. ಜೇನುತುಪ್ಪ ಎನ್ನುತ್ತಿದ್ದಳು, ಮಾಗಿ ಒಡೆದ ಸೀತಾಫಲ, ಕಿತ್ತಳೆ ಸಿಪ್ಪೆ, ಬೆಲ್ಲದ ಗಾಣದ ಮನೆ, ಮಳೆ ಬಂದು ನಿಂತ ಮೇಲಿನ ಮಣ್ಣಿನ ಗೋಡೆ. ನಾನು ಅದನ್ನೇ ಇಂಗ್ಲಿಷಿಗೆ ಮಾಡಿ, ನನ್ನ ಮಾತೆಂಬಂತೆ ಹೇಳುತ್ತಿದ್ದೆ. ಹೆಲೆನ್ ಬೆರಗಾಗಿ ಪುಸ್ತಕದಲ್ಲಿ ಬರೆದುಕೊಂಡರು. ಮೂರು ದಿನ ನಾನು ತಂಗಿಯ ಮೂಗನ್ನು ಹೀಗೆ ಕದ್ದು ಬಳಸಿದೆ.

ಜೋಡಿ ಕೂಡಿಸುವುದು ಸುಲಭವಿರಲಿಲ್ಲ. ಸಿಹಿ ವೈನಿಗೆ ಸಿಹಿ ತಿಂಡಿ ಎಂದು ಮೊದಲು ಹೋಳಿಗೆ ಮಾಡಿದೆ. ಹೋಳಿಗೆಯ ಸಿಹಿ ಮುಂದಾಗಿ ವೈನು ಬರಿ ಹುಳಿನೀರಾಯಿತು. ಬದನೆಕಾಯಿ ಎಣ್ಣೆಗಾಯಿ ಪರವಾಗಿಲ್ಲ, ಆದರೆ ಸಿಪ್ಪೆಯ ಕಹಿ ಎದ್ದು ಕಾಣುತ್ತಿತ್ತು. ಅವರಲ್ಲಿ ಇದರ ಜೊತೆ ನೀಲಿ ಬೂಷ್ಟು ಹಿಡಿದ ಚೀಸು ತಿನ್ನುವ ಪದ್ಧತಿ. ಅದನ್ನು ಮೇಜಿನ ಮೇಲಿಟ್ಟಾಗ ರೇಣವ್ವ ಎದ್ದು ಹೊರಗೆ ಹೋದಳು. ಕೊನೆಗೆ ಅಲ್ಲಿನ ಮೆಣಸಿನಕಾಯಿಯಲ್ಲೇ ರಂಜಕ ಅರೆದು, ಬೆಣ್ಣೆ ಹಚ್ಚಿದ ಬಿಸಿ ರೊಟ್ಟಿಗೆ ಸವರಿ ತಿಂದು, ತಣ್ಣಗಿನ ವೈನು ಒಂದು ಗುಟುಕು ತೆಗೆದುಕೊಂಡೆ. ಉರಿ ಏರಿತು, ಸಿಹಿ ಬಂದು ಅದನ್ನು ಮೆಲ್ಲಗೆ ಇಳಿಸಿತು, ಹಿಂದೆಯೇ ಒಂದು ಎಳೆ ಹುಳಿ ಬಾಯನ್ನು ತೊಳೆದು ಇನ್ನೊಂದು ತುತ್ತಿಗೆ ತಯಾರು ಮಾಡಿತು. ಅದಕ್ಕೆ ಮೂಗು ಬೇಕಿರಲಿಲ್ಲ, ನನ್ನ ನಾಲಿಗೆಗೇ ಪೂರ್ತಿ ತಿಳಿಯಿತು. ಮೂರು ವರ್ಷದಲ್ಲಿ ನಾನು ನಿಜವಾಗಿ ಸವಿದ ಮೊದಲ ತುತ್ತು ಅದು. ಆ ಗುಟುಕನ್ನು ಉಗುಳಲಿಲ್ಲ. ಹೆಲೆನ್ ಕಣ್ಣಲ್ಲಿ ನೀರು ಬಂದಿತ್ತು, ಖಾರಕ್ಕೋ ಬೇರೆಯದಕ್ಕೋ.

ಶನಿವಾರ ಚಳಿಗಾಳಿ ಎದ್ದಿತು. ಸಂಜೆಗೆ ರೇಣವ್ವನಿಗೆ ನೆಗಡಿಯಾಗಿ ಮೂಗು ಕಟ್ಟಿತು.

ಭಾನುವಾರ

ಊಟ ಬಳ್ಳಿಗಳ ನಡುವೆ ಎಂದು ನಿಗದಿಯಾಗಿತ್ತು. ಅಡುಗೆಗೆ ಪಕ್ಕದ ತಗಡಿನ ಶೆಡ್ಡು. ಹಣ್ಣು ಕೊಯ್ಯುವ ಡಬ್ಬಿಗಳನ್ನು ಸರಿಸಿ, ಗ್ಯಾಸಿನ ದೊಡ್ಡ ಒಲೆ ಇಟ್ಟು, ಹಳೆಯ ಪೈಪಿನಿಂದ ಸಿಲಿಂಡರಿಗೆ ಜೋಡಿಸಿ ಹೆಲೆನ್ ಹಿಂದಿನ ದಿನವೇ ಅಣಿಮಾಡಿದ್ದರು. ನಾನು ಬೆಳಗ್ಗೆ ಏಳಕ್ಕೆ ಒಳಗೆ ಹೋಗಿ, ಗಾಳಿಗೆ ಬಾಗಿಲು ಮುಚ್ಚಿಕೊಂಡು, ಬದನೆಕಾಯಿ ಸೀಳುತ್ತ ಬೆಳ್ಳುಳ್ಳಿ ಬಿಡಿಸುತ್ತ ಒಂದು ತಾಸಿನ ಮೇಲೆ ಕೂತಿದ್ದೆ. ತಲೆ ಸ್ವಲ್ಪ ತಿರುಗಿದಂತಾಯಿತು. ರಾತ್ರಿ ನಿದ್ದೆಯಾಗಿಲ್ಲ ಎಂದುಕೊಂಡೆ.

ರೇಣವ್ವ ಸೀರೆಯ ಮೇಲೆ ಹೆಲೆನ್ ಕೊಟ್ಟ ಸ್ವೆಟರು ಹಾಕಿಕೊಂಡು, ಮೂಗು ಒರೆಸಿಕೊಳ್ಳುತ್ತ ಬಂದಳು. ಹಿಟ್ಟು ನಾದಿದಳು. ನಾನು ನೀರು ತರಲು ಕೊಡ ಹಿಡಿದು ಬಾಗಿಲಿಗೆ ಬಂದಿದ್ದೆ. ಹಂಚು ಇಟ್ಟು ಲೈಟರು ಕೈಗೆ ತೆಗೆದುಕೊಂಡವಳು ನಿಂತಳು. ಒಲೆ ಹಚ್ಚುವ ಮುಂಚೆ ಒಮ್ಮೆ ಬಗ್ಗಿ ಮೂಸಿ ನೋಡುವುದು ಅವಳ ಯಾವತ್ತಿನ ಅಭ್ಯಾಸ.

“ಯಕ್ಕಾ, ಗ್ಯಾಸಿನ ವಾಸನಿ ಏನಾರ ಬರಾಕತ್ತೈತೇನು ನೋಡು. ನನ್ನ ಮೂಗು ಕಟ್ಟೈತಿ.”

ನಾನು ಬಾಗಿಲಲ್ಲಿ ನಿಂತು ಉಸಿರು ಎಳೆದೆ. ಎಳೆದಂತೆ ಮಾಡಿದೆ.

“ಏನೂ ಇಲ್ಲ. ಹಚ್ಚು.”

ಸದ್ದು ದೊಡ್ಡದೇನಲ್ಲ, ದೊಡ್ಡ ಬಟ್ಟೆಯೊಂದನ್ನು ಒಮ್ಮೆಲೆ ಝಾಡಿಸಿದಷ್ಟು. ಬೆಂಕಿ ಒಲೆಯಿಂದ ಬರಲಿಲ್ಲ, ನೆಲದಿಂದ ಎದ್ದಿತು. ನೀಲಿಯಾಗಿ ಎದ್ದು ಅವಳ ಸೊಂಟದವರೆಗೆ ಬಂದು ಹಳದಿಯಾಯಿತು. ಗಾಳಿಯ ಹೊಡೆತಕ್ಕೆ ನಾನು ಹೊರಗೆ ಬಿದ್ದೆ, ಹುಬ್ಬು ಸುಟ್ಟವು, ಅಷ್ಟೇ. ರೇಣವ್ವ ಎರಡೂ ಕೈಗಳನ್ನು ಮುಂದೆ ಚಾಚಿಕೊಂಡು ನಡೆದೇ ಹೊರಗೆ ಬಂದಳು. ಸ್ವೆಟರು ಕರಗಿ ಕೈಗಳಿಗೆ ಅಂಟಿತ್ತು.

ಹೆಲೆನ್ ತೋಟದ ನೀರಿನ ಪೈಪು ಹಿಡಿದು ಓಡಿ ಬಂದರು. ಆಸ್ಪತ್ರೆಯ ಹೆಲಿಕಾಪ್ಟರು ಬರುವವರೆಗೆ ಅವಳ ಮೇಲೆ ನೀರು ಬಿಡುತ್ತಲೇ ಇದ್ದರು. ಆ ಚಳಿಯಲ್ಲಿ ನನ್ನ ತಂಗಿ ಗಡಗಡ ನಡುಗುತ್ತ, ಹಿಟ್ಟು ನಾದಿದ್ದು ಒಣಗತೈತಿ, ಮುಚ್ಚಿಡು ಎಂದಳು. ವ್ಯಾಪಾರಿಯ ಕಾರು ಗೇಟಿನವರೆಗೆ ಬಂದು, ಅಗ್ನಿಶಾಮಕದ ಗಾಡಿ ನೋಡಿ ತಿರುಗಿ ಹೋಯಿತಂತೆ. ನಾನು ಅದನ್ನು ನೋಡಲಿಲ್ಲ.

ಆಸ್ಪತ್ರೆ

ಶಹರದ ದೊಡ್ಡ ಆಸ್ಪತ್ರೆಯಲ್ಲಿ ಏಳು ವಾರ ಇದ್ದೆವು. ತೊಡೆಯ ಚರ್ಮ ತೆಗೆದು ಕೈಗಳಿಗೆ, ಗಲ್ಲಕ್ಕೆ ಹಾಕಿದರು. ಅಲ್ಲಿಯ ನರ್ಸುಗಳು ಏನು ಮಾಡುವ ಮುಂಚೆಯೂ ರೋಗಿಯ ಅಪ್ಪಣೆ ಕೇಳುತ್ತಾರೆ. ಬ್ಯಾಂಡೇಜು ಬಿಚ್ಚಲೇ, ದಿಂಬು ಎತ್ತಲೇ ಎಂದು ಕೇಳಿ, ಉತ್ತರ ಬರುವವರೆಗೆ ನಿಲ್ಲುತ್ತಾರೆ. ರೇಣವ್ವನಿಗಾಗಿ ಫೋನಿನಲ್ಲಿ ಕನ್ನಡದ ದುಭಾಷಿಯನ್ನೂ ಕೊಟ್ಟರು, ಮೈಸೂರಿನ ಕಡೆಯವರು. ಚರ್ಮ ಜಗ್ಗಿದಂಗ ಆಕ್ಕೈತಿ ಎಂದು ಇವಳು ಹೇಳಿದರೆ ಅವರಿಗೆ ತಿಳಿಯದೆ, ನಿಧಾನವಾಗಿ ಶುದ್ಧವಾಗಿ ಹೇಳಿ ಎಂದರು. ನೋವನ್ನು ಶುದ್ಧವಾಗಿ ಹೇಳುವುದು ಹೇಗೆಂದು ಅವಳಿಗೆ ಗೊತ್ತಾಗಲಿಲ್ಲ.

ಎರಡನೆಯ ದಿನ ವಿಚಾರಣೆಗೆ ಒಬ್ಬ ಅಧಿಕಾರಿ ಬಂದ. ಪೈಪು ಸೀಳಿತ್ತು, ಗ್ಯಾಸು ಬಹಳ ಹೊತ್ತು ಸೋರಿದೆ, ನಿಮಗೆ ವಾಸನೆ ಬರಲಿಲ್ಲವೇ ಎಂದ. ಬರಲಿಲ್ಲ ಎಂದೆ. ಸುಳ್ಳಲ್ಲ. ಅವನು ಬರೆದುಕೊಂಡು ಹೋದ. ಹೆಲೆನ್ ಕಾರಿಡಾರಿನ ಕುರ್ಚಿಯಲ್ಲಿ ಕೂತು, ಪೈಪು ಬದಲಿಸಬೇಕಿತ್ತು, ನನ್ನ ಗಂಡ ಇದ್ದಾಗಿನ ಪೈಪು, ನಾನೇ ಸುಟ್ಟೆ ಅವಳನ್ನು ಎಂದು ಅದನ್ನೇ ಹೇಳುತ್ತಿದ್ದರು. ನಾನು ಅವರ ಕೈ ಹಿಡಿದು ಸಮಾಧಾನ ಮಾಡಿದೆ. ಎರಡು ದಿನ ಹಾಗೆ ಸಮಾಧಾನ ಮಾಡಿದೆ. ನನ್ನ ಬದುಕಿನಲ್ಲಿ ನಾನು ಮಾಡಿದ ಕೆಟ್ಟ ಕೆಲಸ ಯಾವುದೆಂದು ಕೇಳಿದರೆ, ಬಾಗಿಲಲ್ಲಿ ಆಡಿದ ಆ ಮಾತಿಗಿಂತ ಈ ಎರಡು ದಿನವನ್ನೇ ಹೇಳುತ್ತೇನೆ. ಅದು ಒಂದು ಗಳಿಗೆಯಲ್ಲಿ ಬಾಯಿಂದ ಬಂದದ್ದು, ಇದು ಯೋಚನೆ ಮಾಡಿ ಮಾಡಿದ್ದು.

ಬುಧವಾರ ಬೆಳಗ್ಗೆ ತೋಟದಿಂದ ಫೋನು ಬಂತು. ಹೆಲೆನ್ ಕೇಳಿಸಿಕೊಂಡು, ಆಗಲಿ, ಕಿತ್ತುಬಿಡಿ ಎಂದಷ್ಟೇ ಹೇಳಿ ಇಟ್ಟರು. ಆಗ ನನಗೆ ತಡೆದುಕೊಳ್ಳಲು ಆಗಲಿಲ್ಲ. ಹೇಳಿದೆ. ಮೂಗಿಲ್ಲ ಎಂದೆ, ಮೂರು ವರ್ಷವಾಯಿತು ಎಂದೆ, ಜೇನುತುಪ್ಪ ಸೀತಾಫಲ ಎಂದದ್ದೆಲ್ಲ ತಂಗಿಯ ಮಾತು ಎಂದೆ, ಅವಳು ಕೇಳಿದ್ದು ಏನು, ನಾನು ಹೇಳಿದ್ದು ಏನು ಎಂಬುದನ್ನೂ ಹೇಳಿದೆ.

ಹೆಲೆನ್ ಫೋನನ್ನು ಚೀಲಕ್ಕೆ ಹಾಕಿಕೊಂಡರು.

“ನೀನು ಮೊದಲೇ ಹೇಳಿದ್ದರೆ ನಾನು ನಿನ್ನನ್ನು ಕರೆಸುತ್ತಿರಲಿಲ್ಲ, ಶಾಂತಾ. ನೀನು ಹೆದರಿದ್ದು ಸರಿಯಾಗಿಯೇ ಇತ್ತು.”

ಬೈಗುಳವಾಗಿದ್ದರೆ ತಾಳಿಕೊಳ್ಳಬಹುದಿತ್ತು. ಅವರು ಎದ್ದು, ನನ್ನ ಜೊತೆ ಅಧಿಕಾರಿಯ ಹತ್ತಿರ ಬಂದು, ನಾನು ಹೇಳಿದ್ದನ್ನು ಬರೆಸುವವರೆಗೆ ಪಕ್ಕದಲ್ಲಿ ಕೂತರು. ಪೈಪಿನ ತಪ್ಪು ಮಾತ್ರ ತಮ್ಮದೇ ಎಂದು ಅದನ್ನೂ ಬರೆಸಿದರು.

ರೇಣವ್ವನಿಗೆ ಹೇಳಿದ್ದು ಅವಳ ಮುಖದ ಬ್ಯಾಂಡೇಜು ಬಿಚ್ಚಿದ ಮೇಲೆ. ಅವಳು ನನ್ನನ್ನೇ ನೋಡುತ್ತ ಕೇಳಿಸಿಕೊಂಡಳು. ಬೆಂಕಿಯ ಮಾತು ಎತ್ತಲಿಲ್ಲ. ಎಷ್ಟು ವರ್ಷವಾಯಿತು ಎಂದು ಕೇಳಿದಳು. ಮೂರು ಎಂದೆ.

“ಮೂರು ವರ್ಷ ನನ್ನ ರೊಟ್ಟಿ ತಿಂದು, ಏನ್ ಘಮ್ ಅಂತೈತಿ ರೇಣಾ ಅಂತಿದ್ದೆಲ್ಲ. ಅದೂ ಸುಳ್ಳೇನು?”

ಅವಳು ಮುಖ ತಿರುಗಿಸಿಕೊಂಡಳು. ಆಮೇಲಿನ ವಾರಗಳಲ್ಲಿ ನಾನು ತುತ್ತು ಮಾಡಿ ತಿನ್ನಿಸಿದೆ, ತಲೆ ಬಾಚಿದೆ, ಕಕ್ಕಸಿಗೆ ಕರೆದುಕೊಂಡು ಹೋದೆ. ಬೇಕಾದದ್ದನ್ನು ಕೇಳುತ್ತಿದ್ದಳು, ಬೇರೆ ಮಾತಿಲ್ಲ.

ಹೊರಡುವ ಹಿಂದಿನ ದಿನ ಹೆಲೆನ್ ಬಂದರು. ಕಿತ್ತ ಬಳ್ಳಿಗಳನ್ನು ಸುಟ್ಟಾಯಿತು, ನೆಲವನ್ನು ಭತ್ತದವರಿಗೆ ಕೊಡುತ್ತೇನೆ ಎಂದರು. ಆ ವೈನಿನ ಒಂದು ಸಣ್ಣ ಬಾಟಲಿ ತಂದಿದ್ದರು. ಅದನ್ನು ಎಂದೂ ತುಟಿಗೆ ಮುಟ್ಟಿಸದ ನನ್ನ ತಂಗಿ, ಅಂದು ತಾನಾಗಿಯೇ ಕೊಡು ಎಂದಳು. ಚಮಚದಲ್ಲಿ ಕುಡಿಸಿದೆ. ಕಣ್ಣು ಮುಚ್ಚಿಕೊಂಡು ಬಾಯಲ್ಲಿ ಬಹಳ ಹೊತ್ತು ಹಿಡಿದಳು. ಹೇಗಿದೆ ಎಂದು ಹೆಲೆನ್ ಕೇಳಿದ್ದನ್ನು ನಾನು ಕನ್ನಡ ಮಾಡಿ, ಏನು ವಾಸನಿ ಬರ್ತೈತಿ ರೇಣಾ ಎಂದೆ.

“ಬರ್ತೈತಿ,” ಎಂದಳು. “ನಾ ಹೇಳಂಗಿಲ್ಲ.”

ತಾವರಗೇರಾ

ಅವಳ ಗಂಡ ಬೆಂಗಳೂರಿಗೆ ಬಂದಿದ್ದರು. ನನ್ನನ್ನು ಮಾತಾಡಿಸದೆ ಅವಳನ್ನು ಕರೆದುಕೊಂಡು ಹೋದರು. ಅವಳು ಖಾನಾವಳಿಗೆ ಮತ್ತೆ ಬರಲಿಲ್ಲ. ಬಂದರೂ ರೊಟ್ಟಿ ಬಡಿಯಲು ಆಗುವುದಿಲ್ಲ. ಬಲಗೈಯ ಬೆರಳುಗಳು ಪೂರ್ತಿ ಬಿಚ್ಚುವುದಿಲ್ಲ. ನಾನು ಗಂಡನಿಗೂ, ಗಿರಾಕಿಗಳಿಗೂ ಹೇಳಿದೆ. ಜನ ಅರ್ಧಕ್ಕರ್ಧ ಕಡಿಮೆಯಾದರು, ಅರ್ಧ ಉಳಿದರು.

ತಿಂಗಳಿಗೊಮ್ಮೆ ತಾವರಗೇರಾಕ್ಕೆ ಹೋಗುತ್ತೇನೆ. ಮೊದಲೆರಡು ಸಲ ಅವಳು ಒಳಗಿನಿಂದ ಹೊರಗೆ ಬರಲಿಲ್ಲ. ಕಟ್ಟೆಯ ಮೇಲೆ ಕೂತು, ಅವಳ ಗಂಡ ಕೊಟ್ಟ ನೀರು ಕುಡಿದು ವಾಪಸಾದೆ. ಮೂರನೆಯ ಸಲ ಬಾಗಿಲಲ್ಲಿ ನಿಂತಳು. ಆಮೇಲೆ ಒಮ್ಮೆ ಕೂಡು ಎಂದಳು.

ಹೋದ ತಿಂಗಳು ಹೋದಾಗ ಊಟಕ್ಕೆ ಹಾಕಿದಳು. ಪಕ್ಕದ ಮನೆಯವಳು ಬಡಿದುಕೊಟ್ಟ ರೊಟ್ಟಿ, ಅವಳೇ ಎಡಗೈಯಲ್ಲಿ ಮಾಡಿದ ಪುಂಡಿಪಲ್ಯ. ಎದುರಿಗೆ ಕೂತು, ನಾನು ಮೊದಲ ತುತ್ತು ಬಾಯಿಗಿಡುವುದನ್ನೇ ನೋಡಿದಳು.

“ಹೆಂಗಾಗೈತಿ?”

ನಾನು ನಿಧಾನವಾಗಿ ಅಗಿದು ನುಂಗಿದೆ.

“ಉಪ್ಪು ಸ್ವಲ್ಪ ಕಡಿಮಿ ಆಗೈತಿ. ಹುಳಿ ಛಲೋ ಐತಿ. ಉಳಿದದ್ದು ನನಗ ಗೊತ್ತಾಗೂದಿಲ್ಲ.”

ಅವಳು ಎದ್ದು ಒಳಗೆ ಹೋದಳು. ಉಪ್ಪಿನ ಡಬ್ಬಿ ತಂದು, ಸೊಟ್ಟಗಾದ ಆ ಬೆರಳುಗಳಲ್ಲೇ ಒಂದು ಚಿಟಿಕೆ ತೆಗೆದು ನನ್ನ ತಾಟಿನ ಅಂಚಿಗೆ ಇಟ್ಟಳು.